ಚಳಿ ಬಂತು ಅಂದ್ರೆ ಕಾಲು ಬೆಳ್ಳಗೆ ಒಣಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 36 ವರ್ಷ, ಧಾರವಾಡದಲ್ಲಿ ಹೈಸ್ಕೂಲ್ ಟೀಚರ್. ದೀಪಾವಳಿ ಮುಗಿದು ಚಳಿ ಶುರುವಾದರೆ ಸಾಕು, ಮೊಣಕಾಲಿನಿಂದ ಕೆಳಗೆ ಚರ್ಮ ಒಣಗಿ ಬೆಳ್ಳಗಾಗುತ್ತದೆ. ಉಗುರು ತಾಗಿದರೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ ಕಾಣುತ್ತದೆ. ರಾತ್ರಿ ತುರಿಕೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿದರೂ ಬೆಳಗ್ಗೆ ಮತ್ತೆ ಅದೇ ಕತೆ. ಆಗಾಗ ರೇಜರ್ ಬಳಸುತ್ತೇನೆ, ಆಮೇಲೆ ಕಪ್ಪು ಚುಕ್ಕೆ, ಸಣ್ಣ ಗುಳ್ಳೆ ಏಳುತ್ತವೆ. ಕಡಲೆಹಿಟ್ಟು ಹಚ್ಚಿ ತಿಕ್ಕು ಅಂತಾರೆ ಅಮ್ಮ. ನನ್ನ ಕಾಲು ನಯವಾಗೋದೇ ಇಲ್ವಾ?

ಉತ್ತರ: ಖಂಡಿತ ಆಗುತ್ತದೆ. ಮೊದಲು ನಾನೊಂದು ಕೇಳುತ್ತೇನೆ. ಸ್ನಾನದ ನೀರು ಎಷ್ಟು ಬಿಸಿ ಇರುತ್ತದೆ? ಚಳಿಗಾಲದಲ್ಲಿ ಬಚ್ಚಲು ತುಂಬ ಹಬೆ ಏಳದಿದ್ದರೆ ನಮಗೆ ಸ್ನಾನ ಮಾಡಿದ ಹಾಗೇ ಅನಿಸುವುದಿಲ್ಲ, ಅಲ್ವಾ? ಅದರ ಪೆಟ್ಟು ಮೊದಲು ಬೀಳುವುದು ಕಾಲಿಗೆ. ಮುಖ, ತಲೆಯ ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳು ಜಾಸ್ತಿ. ಮೊಣಕಾಲಿನ ಕೆಳಗೆ ಬಹಳ ಕಡಿಮೆ. ಇರುವ ಸ್ವಲ್ಪ ಜಿಡ್ಡನ್ನೂ ಬಿಸಿನೀರು ಮತ್ತು ಸೋಪು ತೊಳೆದುಬಿಡುತ್ತವೆ. ಆಮೇಲೆ ಚರ್ಮದೊಳಗಿನ ನೀರಿನ ಪಸೆ ಒಣ ಗಾಳಿಗೆ ಹಾರಿಹೋಗುತ್ತದೆ.

ಹಾಗಾದರೆ ಕೊಬ್ಬರಿ ಎಣ್ಣೆ ಯಾಕೆ ಕೆಲಸ ಮಾಡಲಿಲ್ಲ? ಎಣ್ಣೆ ಒಳ್ಳೆಯದೇ, ಹಚ್ಚುವ ಹೊತ್ತು ತಪ್ಪಿದೆ. ಎಣ್ಣೆ ಹೊಸದಾಗಿ ನೀರು ತರುವುದಿಲ್ಲ, ಇರುವ ನೀರು ಹೋಗದಂತೆ ತಡೆಯುತ್ತದೆ, ಅಷ್ಟೇ. ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಖಾಲಿ ಕೊಡಕ್ಕೆ ಮುಚ್ಚಳ ಹಾಕಿದ ಹಾಗೆ. ಕೊಡ ತುಂಬಿರುವಾಗಲೇ ಮುಚ್ಚಬೇಕು.

ಕೊಡ ತುಂಬಿರುವುದು ಸ್ನಾನ ಮುಗಿದ ಕೂಡಲೇ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು, ಕಾಲಿಗೆ ದಿನಾ ಬೇಡ. ಟವೆಲಿನಿಂದ ತಿಕ್ಕದೆ ಮೆತ್ತಗೆ ಒತ್ತಿಕೊಳ್ಳಿ. ಚರ್ಮ ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಕ್ರೀಮ್ ಹಚ್ಚಿ. ದುಬಾರಿಯದ್ದೇ ಆಗಬೇಕಿಲ್ಲ. ವಾಸನೆ ಹಾಕದ ಗ್ಲಿಸರಿನ್ ಕ್ರೀಮ್ ಅಥವಾ ಬಿಳಿ ಪೆಟ್ರೋಲಿಯಂ ಜೆಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತುಂಬಾ ಜನ ಕಡಲೆಕಾಳಿನಷ್ಟು ಹಚ್ಚಿ ಫಲ ಸಿಗಲಿಲ್ಲ ಅಂತಾರೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಕ್ರೀಮ್ ಹಿಂಡಿ ನೋಡಿ. ಮೊಣಕಾಲಿನ ಕೆಳಗೆ ಒಂದೊಂದು ಕಾಲಿಗೆ ಹೆಚ್ಚುಕಡಿಮೆ ಅಂಥ ಮೂರು ಬೇಕು. ಕೂದಲು ಬೆಳೆಯುವ ದಿಕ್ಕಿಗೆ, ಮೇಲಿಂದ ಕೆಳಗೆ ಸವರಿ. ರಾತ್ರಿ ಮತ್ತೊಮ್ಮೆ ಹಚ್ಚುವಾಗಲೂ ಮೊದಲು ಕಾಲನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಿ. ಆಗ ನಿಮ್ಮ ಕೊಬ್ಬರಿ ಎಣ್ಣೆಯೂ ಆಗುತ್ತದೆ.

ಹೊಪ್ಪಳೆ ದಪ್ಪವಾಗಿದ್ದರೆ 10% ಯೂರಿಯಾ ಇರುವ ಕ್ರೀಮ್ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಆದರೆ ಬಿರುಕಿದ್ದರೆ ಉರಿಯುತ್ತದೆ, ಅದಕ್ಕೇ ಬಿರುಕು ಮಾಯುವ ತನಕ ಬರೀ ಜೆಲ್ಲಿ ಹಚ್ಚಿ.

ಅಮ್ಮ ಹೇಳಿದ ಕಡಲೆಹಿಟ್ಟು ಎಣ್ಣೆಸ್ನಾನದ ದಿನಕ್ಕೆ ಸರಿ. ಮೈಗೆ ಬಳಿದ ಎಣ್ಣೆ ತೆಗೆಯಲಿಕ್ಕೇ ಅದು ಇರುವುದು. ಎಣ್ಣೆಯೇ ಇಲ್ಲದ ಕಾಲಿಗೆ ಹಚ್ಚಿದರೆ ಉಳಿದ ಜಿಡ್ಡನ್ನೂ ಎಳೆದುಕೊಳ್ಳುತ್ತದೆ. ಹೀರೆಕಾಯಿ ನಾರು, ಕಲ್ಲು ಹಾಕಿ ಉಜ್ಜುವುದಂತೂ ಬೇಡವೇ ಬೇಡ.

ರೇಜರ್ ವಿಷಯಕ್ಕೆ ಬರೋಣ. ನಯವಾದ ಕಾಲು ಬೇರೆ, ಕೂದಲಿಲ್ಲದ ಕಾಲು ಬೇರೆ. ಕೂದಲಿಂದ ಚರ್ಮಕ್ಕೆ ಏನೂ ತೊಂದರೆ ಇಲ್ಲ. ನಿಮಗೇ ಬೇಕು ಅನಿಸಿದರೆ ತೆಗೆಯಿರಿ, ಯಾರೋ ಏನೋ ಅಂದಾರು ಅಂತ ಸುಮ್ನೆ ಚರ್ಮಕ್ಕೆ ಕಷ್ಟ ಕೊಡಬೇಡಿ. ತೆಗೆಯುವುದಾದರೆ ಸ್ನಾನದ ಕೊನೆಗೆ, ಕೂದಲು ನೆನೆದು ಮೆತ್ತಗಾದ ಮೇಲೆ, ಶೇವಿಂಗ್ ಕ್ರೀಮ್ ಹಚ್ಚಿ, ಕೂದಲು ಬೆಳೆಯುವ ದಿಕ್ಕಿಗೆ ಎಳೆಯಿರಿ. ಬ್ಲೇಡು ಹೊಸದಿರಲಿ, ಒತ್ತಬೇಡಿ, ಆ ದಿನ ಯೂರಿಯಾ ಬೇಡ. ನೀವು ಹೇಳುವ ಚುಕ್ಕೆಗಳು ಸಾಮಾನ್ಯವಾಗಿ ರಂಧ್ರದೊಳಗೆ ಉಳಿದ ಕೂದಲಿನ ತುಂಡು. ಕೆಲವು ಕೂದಲು ಬಾಗಿ ಚರ್ಮದೊಳಗೇ ಬೆಳೆದು ಗುಳ್ಳೆ ಏಳುತ್ತದೆ. ಪಿನ್ನಿನಿಂದ ಕೆದಕಬೇಡಿ. ನಮ್ಮ ಮೈಬಣ್ಣದಲ್ಲಿ ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೋಳಿಸಿದರೆ ಕೂದಲು ದಪ್ಪ ಬೆಳೆಯುತ್ತದೆ ಅನ್ನುವುದು ಸುಳ್ಳು.

ಒಂದು ಮಾತು ಕೈಮುಗಿದು ಹೇಳುತ್ತೇನೆ. ತುರಿಕೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬು ತರಬೇಡಿ. ಅಂಥ ಎಷ್ಟೋ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಂತು ಖುಷಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇರುವುದು ಹುಳುಕಡ್ಡಿಯಾಗಿದ್ದರೆ ಇನ್ನಷ್ಟು ಹರಡುತ್ತದೆ. ಹೀಗೆ ಕೆಟ್ಟ ಕಾಲುಗಳನ್ನು ನೋಡಿ ನೋಡಿ ಸಂಕಟವಾಗುತ್ತದೆ.

ಹೋದ ಚಳಿಗಾಲ ಒಬ್ಬರು ಅಜ್ಜಿ ಬಂದಿದ್ದರು. ಸೀರೆ ಸ್ವಲ್ಪ ಮೇಲೆತ್ತಿ ತೋರಿಸಿದರೆ, ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗಿತ್ತು ಕಾಲು. ಗೆರೆ ಗೆರೆಯಲ್ಲೂ ಕೆಂಪು. ದಿನಕ್ಕೆ ಎರಡು ಸಲ ಸುಡುನೀರಿನ ಸ್ನಾನ ಮಾಡುತ್ತಿದ್ದರು, ಜೊತೆಗೆ ಶುಗರ್ ಬೇರೆ. ಇಂಥವರು ಮನೆಮದ್ದು ಮಾಡುತ್ತಾ ಕೂರಬಾರದು. ಶುಗರ್ ಇದ್ದವರಿಗೆ ಸಣ್ಣ ಬಿರುಕಿನಿಂದಲೂ ಸೋಂಕು ಒಳಗೆ ಹೋಗಬಹುದು. ಅವರು ಬೆರಳುಗಳ ಸಂದಿಗೆ ಮಾತ್ರ ಕ್ರೀಮ್ ಹಚ್ಚಬಾರದು, ಅಲ್ಲಿ ಪಸೆ ನಿಂತರೆ ಫಂಗಸ್ ಬರುತ್ತದೆ.

ನೀವು ದಿನವಿಡೀ ನಿಂತು ಪಾಠ ಮಾಡುವವರು. ಸಂಜೆ ಪಾದ ಊದುತ್ತಾ, ನರ ಉಬ್ಬಿವೆಯಾ, ಪಾದದ ಗಂಟಿನ ಹತ್ತಿರ ಕಂದು ಬಣ್ಣ ಬಂದಿದೆಯಾ ನೋಡಿಕೊಳ್ಳಿ. ಬಂದಿದ್ದರೆ ತುರಿಕೆಯ ಮೂಲ ರಕ್ತನಾಳದಲ್ಲಿರಬಹುದು. ಸುಸ್ತು, ತೂಕ ಹೆಚ್ಚಾಗುವುದು, ಮೈಯೆಲ್ಲಾ ಒಣಗುವುದು ಸೇರಿಕೊಂಡಿದ್ದರೆ ಥೈರಾಯ್ಡ್ ಟೆಸ್ಟ್ ಮಾಡಿಸಿ.

ಎರಡು ವಾರ ಹೀಗೆ ಮಾಡಿ, ಮತ್ತೆ ಉಗುರಿನಿಂದ ಗೆರೆ ಎಳೆದು ನೋಡಿ. ಆಗಲೂ ಬಿಳಿ ಗೆರೆ ಮೂಡಿದರೆ, ತುರಿಕೆಗೆ ನಿದ್ದೆ ಕೆಟ್ಟರೆ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವ ದಿನ ಕಾಲಿಗೆ ಏನೂ ಹಚ್ಚಿಕೊಳ್ಳಬೇಡಿ. ಚರ್ಮ ಹೇಗಿದೆಯೋ ಹಾಗೇ ನಮ್ಮ ಕಣ್ಣಿಗೆ ಬೀಳಬೇಕು.