ಕೈತೋಟದ ಕಟ್ಟೆ: ನೀರು ಹಾಕಿದ್ರೂ ಬಾಡುವ ಗಿಡ, ಕಾಯಿ ಕೊಡದ ಹೀರೆಬಳ್ಳಿ

ಬಿಸಿಲು ಏರಿದ ಹಾಗೆ ಪತ್ರಗಳೂ ಏರಿವೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ. ಗುಲಾಬಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೀರಿ.

ಪ್ರಶ್ನೆ: ಮಾಳಿಗೆ ಮೇಲೆ ಕುಂಡಗಳಿವೆ. ನಳ ಬರೋದು ವಾರಕ್ಕೊಮ್ಮೆ, ತುಂಬಿಟ್ಟ ನೀರಲ್ಲೇ ದಿನಾ ಎರಡು ಹೊತ್ತು ಹಾಕುತ್ತೇನೆ. ಆದ್ರೂ ಗಿಡ ಬಾಡುತ್ತವೆ. "ಕುಡಿಯೋ ನೀರೆಲ್ಲ ಕುಂಡಕ್ಕೇ ಹೋಯ್ತು" ಅಂತ ಮನೆಯಲ್ಲಿ ಬೈತಾರೆ. ಏನು ಮಾಡಲಿ?
(ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅಕ್ಕಾ, ನಿಮ್ಮ ಕುಂಡದಲ್ಲಿ ಎರೆ ಮಣ್ಣು, ಅಂದ್ರೆ ಹೊಲದ ಕಪ್ಪು ಮಣ್ಣು ತುಂಬಿದ್ದೀರಿ, ಅಲ್ವಾ? ಪತ್ರದಲ್ಲಿ ಬರೆದಿಲ್ಲ, ಆದರೆ ಲಕ್ಷಣ ಅದೇ. ಒಣಗಿದ ಎರೆ ಹೊಲ ಬಿರುಕು ಬಿಡೋದು ನೋಡಿದ್ದೀರಿ. ಕುಂಡದಲ್ಲೂ ಅದೇ ಆಗುತ್ತದೆ. ಮಣ್ಣು ಒಣಗಿ ಕುಗ್ಗಿ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ. ಅಂಚಿನಲ್ಲಿ ಬೆರಳು ಆಡಿಸಿ ನೋಡಿ, ಉಗುರು ಹೋಗುವಷ್ಟು ಸಂದು ಸಿಗುತ್ತದೆ. ನೀವು ಹಾಕಿದ ನೀರು ಆ ಸಂದಿನಿಂದ ಸರ್ರನೆ ಇಳಿದು ಕೆಳಗಿನ ತೂತಿನಿಂದ ಮಾಳಿಗೆಗೆ ಹರಿಯುತ್ತದೆ. ನೀವು ಕುಂಡ ತುಂಬಿ ಹರಿಯಿತು ಅಂದುಕೊಳ್ಳುತ್ತೀರಿ, ಬೇರಿನ ಹತ್ತಿರ ಮಾತ್ರ ಮಣ್ಣು ಕಲ್ಲಾಗಿ ಕೂತಿರುತ್ತದೆ.

ಎತ್ತೋಕಾಗುವ ಕುಂಡಗಳನ್ನು ಒಂದು ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ ಇಡಿ. ಗುಳ್ಳೆ ಬರೋದು ನಿಂತ ಮೇಲೆ ಎತ್ತಿ. ಅದೇ ನೀರಲ್ಲಿ ಮುಂದಿನ ಕುಂಡ. ದೊಡ್ಡ ಕುಂಡಕ್ಕೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಒಂದು ತಂಬಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಹಾಕಿ. ಆಮೇಲೆ ಮೇಲೆ ಏನಾದರೂ ಹೊದಿಸಬೇಕು, ಶೇಂಗಾ ಸಿಪ್ಪೆ, ಜೋಳದ ಕಣಿಕಿ ಚೂರು, ಒಣ ಎಲೆ, ಯಾವುದಾದರೂ ಸರಿ, ಮೂರು ಬೆರಳು ದಪ್ಪ ಇರಲಿ. ಇಷ್ಟಾದರೆ ಬೆಳಿಗ್ಗೆ ಒಂದೇ ಹೊತ್ತು ಸಾಕು. ಕುಂಡಗಳನ್ನು ಬರೀ ಸ್ಲ್ಯಾಬಿನ ಮೇಲೆ ಇಡಬೇಡಿ, ಇಟ್ಟಿಗೆ ಮೇಲೆ ಇಟ್ಟು ಒಂದಕ್ಕೊಂದು ಒತ್ತಾಗಿ ಸೇರಿಸಿ. ಅಕ್ಕಿ ಬೇಳೆ ತೊಳೆದ ನೀರು ಚರಂಡಿಗೆ ಬಿಡಬೇಡಿ, ಬೈಗುಳ ಅರ್ಧ ಅಲ್ಲೇ ಕಮ್ಮಿ ಆಗುತ್ತದೆ. ಪಾತ್ರೆ ತಿಕ್ಕಿದ ಸಾಬೂನು ನೀರು ಮಾತ್ರ ಕುಂಡಕ್ಕೆ ಬೇಡ.

ಇನ್ನೊಂದು. ಮಧ್ಯಾಹ್ನ ಎರಡಕ್ಕೆ ದೊಡ್ಡ ಎಲೆಯ ಗಿಡ ಎಲ್ಲವೂ ಜೋಲು ಬೀಳುತ್ತವೆ. ಸಂಜೆ ಏಳಕ್ಕೆ ತಾನಾಗಿ ಎದ್ದು ನಿಂತರೆ ಅದಕ್ಕೆ ನೀರಡಿಕೆ ಇಲ್ಲ, ಸುಮ್ನೆ ಬಿಡಿ. ಬೆಳಿಗ್ಗೆಯೂ ಜೋಲು ಬಿದ್ದಿದ್ದರೆ ಮಾತ್ರ ಚಿಂತೆ. ಮಣ್ಣು ಬದಲಿಸೋ ಕೆಲಸ ಈಗ ಬೇಡವೇ ಬೇಡ. ಮಿರಗದ ಮಳೆ (ಜೂನ್ ಹೊತ್ತಿನ ಮೃಗಶಿರಾ ಮಳೆ) ಬೀಳಲಿ, ಆಗ ಎರೆ ಮಣ್ಣು ಒಂದು ಪಾಲು, ಮಸಾರಿ (ಕೆಂಪು) ಮಣ್ಣು ಒಂದು ಪಾಲು, ಹಳೆ ತಿಪ್ಪೆಗೊಬ್ಬರ ಒಂದು ಪಾಲು, ಜೊತೆಗೆ ನಾಲ್ಕು ಹಿಡಿ ಉಸುಕು ಬೆರೆಸಿ ತುಂಬಿ.

ಪ್ರಶ್ನೆ: ಹೀರೆಬಳ್ಳಿ ಚಪ್ಪರ ತುಂಬ ಹಬ್ಬಿದೆ, ಹೂವೂ ತುಂಬಾ ಇವೆ. ಒಂದೂ ಕಾಯಿ ನಿಲ್ಲುತ್ತಿಲ್ಲ. ಅಂಗಡಿಯವರು ಕೊಟ್ಟ ಟಾನಿಕ್ ಹೊಡೆದಾಯ್ತು.
(ನಿವೃತ್ತ ನೌಕರರು, ಬೆಟಗೇರಿ, ಗದಗ)

ಉತ್ತರ: ಟಾನಿಕ್ ಬಾಟಲಿ ಬದಿಗಿಡಿ ಸರ್, ಬಳ್ಳಿಗೆ ಹತ್ತಿರ ಹೋಗಿ ಹೂವಿನ ಹಿಂಭಾಗ ನೋಡಿ. ಒಂದೇ ಉದ್ದ ತೊಟ್ಟಿಗೆ ಗೊಂಚಲಾಗಿ ಬಂದವು ಗಂಡು ಹೂ. ಅವು ಅರಳಿ ಉದುರಲೇಬೇಕು. ಒಂಟಿಯಾಗಿ ಬಂದು, ಹಿಂದೆ ಕಿರುಬೆರಳಷ್ಟು ಎಳೆ ಹೀರೆಕಾಯಿ, ಅದರ ಮೇಲೆ ಆಗಲೇ ಗೆರೆ ಮೂಡಿದ್ದರೆ ಅದು ಹೆಣ್ಣು. ಬಳ್ಳಿ ಮೊದಮೊದಲು ಬರೀ ಗಂಡು ಹೂ ಬಿಡುತ್ತದೆ, ಬಿಸಿಲು ಜಾಸ್ತಿಯಾದಷ್ಟೂ ಗಂಡು ಜಾಸ್ತಿ. ಯೂರಿಯಾ ಹಾಕಿದ್ದರೆ ಎಲೆಯ ಅಬ್ಬರ ಬೇರೆ.

ಹೆಣ್ಣು ಹೂವೂ ಬಂದು, ಆ ಎಳೆ ಕಾಯಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಮುಟ್ಟಿಲ್ಲ ಅಂತ ಲೆಕ್ಕ. ಇಲ್ಲೇ ಬಹಳ ಮಂದಿ ಎಡವೋದು. ಕೈಯಿಂದ ಪರಾಗ ಮುಟ್ಟಿಸಿ ಅಂತ ಯಾರೋ ಹೇಳುತ್ತಾರೆ, ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಮುಟ್ಟಿಸುತ್ತೀರಿ, ಏನೂ ಆಗೋದಿಲ್ಲ. ಯಾಕಂದ್ರೆ ಹೀರೆ ಅರಳೋದು ಸಂಜೆ. ಸೌತೆ, ಹಾಗಲ, ಕುಂಬಳ ಬೆಳಿಗ್ಗೆಯವು. ಹೀರೆ, ಸೋರೆ ಸಂಜೆಯವು. ಐದೂವರೆ ಆರಕ್ಕೆ ಚಪ್ಪರದ ಕೆಳಗೆ ನಿಂತರೆ ಹಳದಿ ಹೂ ಬಿಚ್ಚೋದು ಕಾಣುತ್ತದೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಮೂರ್ನಾಲ್ಕು ದಿನಕ್ಕೆ ಕಾಯಿ ಹಸಿರಾಗಿ ಉದ್ದವಾದರೆ ಕೂಡಿತು. ಎಳೆಯದಿದ್ದಾಗಲೇ ಕೀಳಿ. ಸಿಪ್ಪೆ ಎಸೆಯಬೇಡಿ ಮತ್ತೆ, ಚಟ್ನಿ ಆಗೋದೇ ಅದರಿಂದ.

ಪ್ರಶ್ನೆ: ಟೊಮೇಟೊ ಹೂವೆಲ್ಲ ಉದುರುತ್ತಿದೆ. ಯಾವ ಗೊಬ್ಬರ ಹಾಕಲಿ?
(ಓದುಗರು, ಸಪ್ತಾಪುರ, ಧಾರವಾಡ. ಇದೇ ಪ್ರಶ್ನೆ ಹಾವೇರಿಯಿಂದಲೂ ಬಂದಿದೆ.)

ಉತ್ತರ: ಯಾವುದೂ ಬೇಡ. ಹಗಲು 35 ಡಿಗ್ರಿ ದಾಟಿದರೆ ಟೊಮೇಟೊ ಪರಾಗ ಕೆಲಸಕ್ಕೆ ಬಾರದು, ರಾತ್ರಿಯೂ ಸೆಕೆ ಇದ್ದರೆ ಮುಗೀತು. ಗೊಬ್ಬರದಿಂದ ಬಿಸಿಲು ಇಳಿಯೋದಿಲ್ಲ. ಮಧ್ಯಾಹ್ನ 50 ಪರ್ಸೆಂಟ್ ಶೇಡ್ ನೆಟ್ ಅಥವಾ ಹಳೆ ಹತ್ತಿ ಸೀರೆಯ ನೆರಳು ಕೊಡಿ, ನೀರು ತಪ್ಪಿಸಬೇಡಿ. ಅಡ್ಡಮಳೆ ಎರಡು ಬಿದ್ದು ತಂಪಾದರೆ ಅದೇ ಗಿಡ ಕಾಯಿ ಕಟ್ಟುತ್ತದೆ. ನನ್ನ ಕೇಳಿದರೆ ನಮ್ಮ ಕಡೆ ಟೊಮೇಟೊ ಸಸಿ ಹಚ್ಚೋಕೆ ಮಳೆ ಹಿಂದೆ ಸರಿದ ಮೇಲಿನ ದಿನಗಳೇ ಛಲೋ. ಈಗ ಬೇಕೇ ಬೇಕು ಅಂದ್ರೆ ಬದನೆ, ಬೆಂಡೆ ಹಾಕಿ, ಅವು ಬಿಸಿಲಿಗೆ ಅಷ್ಟು ಅಂಜೋದಿಲ್ಲ.

ಪ್ರಶ್ನೆ: ನಮ್ಮ ನಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆ ತರಹದ್ದು ಇತ್ತು. ಅದು ಮಿಸುಕಾಡಿತು! ಈಗ ಹಸಿರು ಹುಳ ಆಗಿದೆ. ಅಜ್ಜಿ ಕೊಲ್ಲು ಅಂತಾಳೆ. ಕೊಲ್ಲಬೇಕಾ?
(ಎಂಟನೇ ತರಗತಿ, ರಾಣೆಬೆನ್ನೂರು)

ಉತ್ತರ: ತಂಗೀ, ಇಷ್ಟು ಪತ್ರಗಳಲ್ಲಿ ನಿನ್ನದೇ ಛಲೋ ಪ್ರಶ್ನೆ. ಅದು ಚಿಟ್ಟೆಯ ಮರಿ. ಹಕ್ಕಿ ತಿನ್ನಬಾರದು ಅಂತ ಚಿಕ್ಕದಿದ್ದಾಗ ಹಿಕ್ಕೆಯ ವೇಷ, ದೊಡ್ಡದಾದ ಮೇಲೆ ಎಲೆಯ ಬಣ್ಣ. ಕಡ್ಡಿಯಿಂದ ತಲೆಯ ಹಿಂದೆ ಮೆಲ್ಲಗೆ ಮುಟ್ಟಿ ನೋಡು. ಕವೆಯ ಹಾಗೆ ಎರಡು ಕೊಂಬು ಹೊರಗೆ ಬರುತ್ತದೆ, ಘಾಟು ವಾಸನೆ ಬೇರೆ. ಕರಿಬೇವಿನ ಮೇಲೂ ಇವು ಇರುತ್ತವೆ. ಅಜ್ಜಿ ಹೇಳೋದರಲ್ಲೂ ನ್ಯಾಯ ಇದೆ, ಗಿಡ ಮೊಣಕಾಲೆತ್ತರ ಇದ್ದರೆ ನಾಲ್ಕೈದು ಹುಳ ಸೇರಿ ಬೋಳಿಸಿಬಿಡುತ್ತವೆ. ಒಂದನ್ನು ಜಾಳಿಗೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟು ದಿನಾ ಹೊಸ ನಿಂಬೆ ಎಲೆ ಹಾಕು, ಒಂದು ಕಡ್ಡಿ ಓರೆಯಾಗಿ ನಿಲ್ಲಿಸು. ಅದಕ್ಕೆ ದಾರ ಕಟ್ಟಿಕೊಂಡು ಕೋಶ ಆಗುತ್ತದೆ. ವಾರ ಹತ್ತು ದಿನಕ್ಕೆ ಚಿಟ್ಟೆ. ಸೂಟಿ ಇದೆಯಲ್ಲ, ನೋಡು. ಉಳಿದವನ್ನು ದೊಡ್ಡ ಗಿಡಕ್ಕೆ ಬಿಡು.

ಪ್ರಶ್ನೆ: ಬೋರ್ ನೀರಿನಿಂದ ಕುಂಡದ ಮೇಲೆ ಬಿಳಿ ಪೊರೆ ಕೂತಿದೆ. ಕರಿಬೇವಿನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು.
(ಓದುಗರು, ಬ್ಯಾಡಗಿ)

ಉತ್ತರ: ಬ್ಯಾಡಗಿಯಿಂದ ಪತ್ರ ಬಂದರೂ ಮೆಣಸಿನಕಾಯಿ ಬಗ್ಗೆ ಕೇಳಲಿಲ್ಲ, ಬದುಕಿದೆ. ಆ ಬಿಳಿ ಪೊರೆ ಬೋರ್ ನೀರಿನ ಉಪ್ಪು, ಸುಣ್ಣ. ಮೇಲಿನ ಒಂದು ಬೆರಳು ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ಹಾಕಿ. ಆರ್‌ಒ ಮಷೀನಿನಿಂದ ಹೊರಗೆ ಹೋಗುವ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ಕುಂಡಕ್ಕೆ ಹಾಕಬೇಡಿ, ಅಂಗಳ ತೊಳೆಯಿರಿ. ಎಲೆ ಹಳದಿಯಾಗಿರೋದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣ ಜಾಸ್ತಿಯಾದರೆ ಬೇರಿಗೆ ಸಿಗೋದಿಲ್ಲ, ಹಾಗಾಗಿ ತುಕ್ಕು ಮೊಳೆ ಹೂಳಿ ಏನೂ ಉಪಯೋಗ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಉಪ್ಪು) ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ, ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಆಮೇಲೆ ಹತ್ತು ದಿನ ಒಗ್ಗರಣೆಗೆ ಆ ಗಿಡ ಮುಟ್ಟಬೇಡಿ.

ಪ್ರಶ್ನೆ: ಪಕ್ಕದ ಮನೆಯ ದುಂಡುಮಲ್ಲಿಗೆ ಬುಟ್ಟಿ ತುಂಬ ಹೂ ಕೊಡುತ್ತದೆ. ನಮ್ಮದು ಬರೀ ಎಲೆ.
(ಓದುಗರು, ಮಾಳಮಡ್ಡಿ, ಧಾರವಾಡ)

ಉತ್ತರ: ನಿಮ್ಮ ಗಿಡ ಮಾವಿನ ಮರದ ಬುಡದಲ್ಲಿದೆ ಅಂತ ನೀವೇ ಬರೆದಿದ್ದೀರಿ. ಮಲ್ಲಿಗೆಗೆ ಐದಾರು ತಾಸು ನೇರ ಬಿಸಿಲು ಬೇಕು. ಹೂ ಬರೋದು ಹೊಸ ಚಿಗುರಿನ ತುದಿಗೆ, ಹಾಗಾಗಿ ಡಿಸೆಂಬರ್‌ನಲ್ಲಿ ಕತ್ತರಿ ಹಾಕದ ಗಿಡ ಹೀಗೇ ಸೋಮಾರಿ. ಈಗ ತುದಿಗಳನ್ನು ಗೇಣುದ್ದ ಕತ್ತರಿಸಿ, ಬಿಸಿಲಿಗೆ ಸರಿಸಿ, ಈ ಸಲ ಒಂದಿಷ್ಟಾದರೂ ಸಿಕ್ಕೀತು. ಅಲ್ಲಿವರೆಗೆ ಪಕ್ಕದ ಮನೆಯವರ ಜೊತೆ ಜಗಳ ಮಾಡಬೇಡಿ.

ಪ್ರಶ್ನೆ: ಕೊತ್ತಂಬರಿ ಗೇಣುದ್ದ ಆಗೋ ಮೊದಲೇ ಹೂ ಬಿಡುತ್ತದೆ.
(ಓದುಗರು, ನರಗುಂದ)

ಉತ್ತರ: ಸೆಕೆಗೆ ಹಾಗೇ. ಅದನ್ನು ಕಿತ್ತು ಅಲ್ಲೇ ರಾಜಗಿರಿ ಚೆಲ್ಲಿ, ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಒಂದು ಮೂಲೆಗೆ ಪುಂಡಿ ಬೀಜವನ್ನೂ ಹಾಕಿ.