ಬ್ಲೂ ಬೆಲ್ಟ್ ಬರುವವರೆಗೂ ಲೆಗ್ ಲಾಕ್ ಮುಟ್ಟಬಾರದಾ?

ಬ್ರೆಜಿಲಿಯನ್ ಜಿಯು-ಜಿಟ್ಸು ಶುರುಮಾಡಿ ಆರು ತಿಂಗಳು, ಇನ್ನೂ ಮೊದಲನೇ ಮೆಟ್ಟಿಲಾದ ವೈಟ್ ಬೆಲ್ಟ್, ಮುಂದಿನ ಬ್ಲೂ ಬೆಲ್ಟ್ ಬರುವವರೆಗೂ ಲೆಗ್ ಲಾಕ್ (ಕಾಲಿನ ಕೀಲಿಗೆ ಹಾಕುವ ಪಟ್ಟು) ಬೇಡ ಅಂತ ಕೋಚ್ ಅಂತಾರೆ, ಯೂಟ್ಯೂಬ್ ನೋಡಿ ಹೀಲ್ ಹುಕ್ (ಹಿಮ್ಮಡಿ ಹಿಡಿದು ಕಾಲು ತಿರುಚುವ ಪಟ್ಟು) ಕಲಿಯಬಹುದಾ ಅಂತ ಕೇಳಿದ್ದೀರಿ. 2022ರಲ್ಲಿ ನನ್ನದೂ ಇದೇ ಕಥೆ.

ನಮ್ಮ ಜಿಮ್ಮಿನಲ್ಲಿ ಕಾಲಿನ ತಂಟೆಗೇ ಹೋಗುತ್ತಿರಲಿಲ್ಲ. ನಾನು ರಾತ್ರಿಯೆಲ್ಲ ಲೆಗ್ ಲಾಕ್‌ಗೇ ಹೆಸರಾದ ಕೋಚ್ ಜಾನ್ ಡ್ಯಾನಹರ್ ಶಿಷ್ಯರ ಮ್ಯಾಚ್ ನೋಡಿ, ಎಲ್ಲ ಗೊತ್ತು ಅಂದುಕೊಂಡು, ಒಂದು ಭಾನುವಾರ ಎಚ್‌ಎಸ್‌ಆರ್ ಲೇಔಟ್ ಕಡೆ ಓಪನ್ ಮ್ಯಾಟ್‌ಗೆ (ಪಾಠ ಇಲ್ಲದೆ, ಬಂದವರು ತಮ್ಮತಮ್ಮಲ್ಲೇ ಸೆಣಸಾಡುವ ಅಭ್ಯಾಸಕ್ಕೆ) ಹೋದೆ. ಸಣಕಲು ಹುಡುಗನೊಬ್ಬ ಎರಡೇ ನಿಮಿಷದಲ್ಲಿ ನನ್ನ ಎಡಗಾಲನ್ನು ತನ್ನ ಕಾಲುಗಳ ಮಧ್ಯೆ ಸಿಕ್ಕಿಸಿಕೊಂಡ. ಹಿಮ್ಮಡಿ ಅವನ ಮೊಣಕೈ ಸಂದಿಯಲ್ಲಿ.

ನೋವೇ ಇರಲಿಲ್ಲ. ನಾನು ಕೆಟ್ಟಿದ್ದು ಇಲ್ಲೇ. ಮೊಣಕೈಗೆ ಹಾಕುವ ಆರ್ಮ್‌ಬಾರ್ ಪಟ್ಟಿನಲ್ಲಿ ಮೊದಲು ನೋವು ಬರುತ್ತದೆ, ಆಮೇಲೆ ಟ್ಯಾಪ್ ಮಾಡಿದರೂ (ಸೋತೆ ಅಂತ ಕೈ ತಟ್ಟಿದರೂ) ಸಾಮಾನ್ಯವಾಗಿ ನಡೆಯುತ್ತದೆ. ಹೀಲ್ ಹುಕ್ ಹಾಗಲ್ಲ. ಹಿಡಿಯುವುದು ಹಿಮ್ಮಡಿ, ಹೋಗುವುದು ಮಂಡಿ. ಮಂಡಿ ಇರುವುದು ಮಡಚೋಕೆ, ತಿರುಚೋಕಲ್ಲ. ನೋವು ಗೊತ್ತಾಗುವ ಹೊತ್ತಿಗೆ ಲಿಗಮೆಂಟ್ ಹರಿಯಲು ಶುರುವಾಗಿರಬಹುದು. ಅದು ಸಾಲದು ಅಂತ ನಾನು ಬಿಡಿಸಿಕೊಳ್ಳಲು ಉರುಳಿದೆ, ಅದೂ ಉಲ್ಟಾ ಕಡೆಗೆ. ಅವನು ಪಾಪ, ನಾನು ಟ್ಯಾಪ್ ಮಾಡಲಿ ಅಂತ ಸುಮ್ನೆ ಹಿಡಿದು ಕಾಯುತ್ತಿದ್ದ. ಪಾದ ಅಲ್ಲೇ ಇತ್ತು, ತೊಡೆ ಮಾತ್ರ ತಿರುಗಿತು. ಒದ್ದೆ ಬಟ್ಟೆ ಹಿಂಡುತ್ತೀವಲ್ಲ, ಹಾಗೆ. ಕಬ್ಬು ಮುರಿದಂತೆ ಲಟಕ್ ಅಂತ ಸದ್ದು. ಪಕ್ಕದಲ್ಲಿ ಸೆಣಸಾಡುತ್ತಿದ್ದವರೂ ನಿಲ್ಲಿಸಿ ನೋಡಿದರು.

ಎಂಆರ್‌ಐ ಮಾಡಿಸಿದರೆ ಮಂಡಿಯ ಹೊರಗಡೆಯ ಲಿಗಮೆಂಟ್ ಅರ್ಧ ಹರಿದಿತ್ತು. ನಾಲ್ಕು ತಿಂಗಳು ಬೈಕಿನ ಗೇರ್ ಹಾಕಲು ಆಗಲಿಲ್ಲ. "ಕಾಲು ಮುರಿಸಿಕೊಳ್ಳೋಕೆ ತಿಂಗಳಾ ತಿಂಗಳಾ ದುಡ್ಡು ಬೇರೆ ಕಟ್ತೀಯಲ್ಲೋ" ಅಂತ ಅಮ್ಮ ಇವತ್ತಿಗೂ ಅನ್ನುತ್ತಾರೆ.

ಹಾಗಾಗಿ ಬೆಲ್ಟ್ ಲೆಕ್ಕ ಬಿಡಿ. ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ 2021ರಲ್ಲಿ ಹೀಲ್ ಹುಕ್‌ಗೆ ಒಪ್ಪಿದ್ದೂ ನೋ-ಗಿಯಲ್ಲಿ (ಗಿ ಎಂಬ ದಪ್ಪ ಅಂಗಿ ಹಾಕದೆ ಆಡುವ ಬಗೆಯಲ್ಲಿ) ಬ್ರೌನ್, ಬ್ಲ್ಯಾಕ್ ಅನ್ನುವ ಮೇಲಿನ ಬೆಲ್ಟಿನ ವಯಸ್ಕರಿಗೆ ಮಾತ್ರ, ನಿಜ. ಆದರೆ ಅದು ಟೂರ್ನಮೆಂಟಿನ ನಿಯಮ. ಓಪನ್ ಮ್ಯಾಟ್‌ನಲ್ಲಿ ನಿಮ್ಮ ಕಾಲು ಹಿಡಿಯುವವನು ಬಣ್ಣ ನೋಡಿ ಹಿಡಿಯುತ್ತಾನಾ? ಬರೀ "ಬೇಡ" ಅಂದು ಸುಮ್ಮನಾಗುವ ಕೋಚ್‌ದೂ ತಪ್ಪೇ. ಹಾಕುವುದನ್ನು ಆಮೇಲೆ ಕಲಿಯಿರಿ, ಸಿಕ್ಕಿಬಿದ್ದಿದ್ದೀನಿ ಅಂತ ಗುರುತಿಸುವುದನ್ನು ಈಗಲೇ ಕಲಿಯಿರಿ. ಹಿಮ್ಮಡಿ ಅವರ ಕೈ ಸೇರಿತಾ, ಟ್ಯಾಪ್ ಮಾಡಿ. ಸ್ಟ್ರೇಟ್ ಆಂಕಲ್ ಲಾಕ್ (ತಿರುಚದೆ ಪಾದದ ಕೀಲಿಗೆ ಹಾಕುವ ಪಟ್ಟು) ವೈಟ್ ಬೆಲ್ಟಿಗೂ ನಡೆಯುತ್ತದೆ, ಎದುರಾಳಿಯ ಕಾಲನ್ನು ನಮ್ಮ ಕಾಲುಗಳಿಂದ ಸಿಕ್ಕಿಸಿಕೊಳ್ಳುವ ಆಶಿ ಗರಾಮಿಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿ. ಕೋಚ್ ಹತ್ತಿರ ಹೋಗಿ "ಸರ್, ಹೀಲ್ ಹುಕ್ ಹಾಕೋದು ಬೇಡ, ಯಾವ ಕಡೆ ಉರುಳಬೇಕು ಅಷ್ಟು ತೋರಿಸಿ" ಅನ್ನಿ. ಯೂಟ್ಯೂಬ್ ಬೇಕಾದರೆ ನೋಡಿ, ಪಿಜಿಯ ರೂಮ್‌ಮೇಟ್ ಕಾಲನ್ನು ಮಾತ್ರ ಅವನ ಪಾಡಿಗೆ ಬಿಡಿ.