ಕೊಂಡಿಯಲ್ಲಿ .ಜೆಪಿಜಿ ಎಂದಿದ್ದರೂ ಇಳಿಸಿಕೊಂಡ ಚಿತ್ರ ತೆರೆಯುವುದಿಲ್ಲವೇಕೆ?

ಬೇರೆ ಸರ್ವರ್‌ನಲ್ಲಿರುವ ಚಿತ್ರಗಳನ್ನು ಪಿಎಚ್‌ಪಿ ಭಾಷೆಯ ಸ್ಕ್ರಿಪ್ಟ್ ಮೂಲಕ ಇಳಿಸಿಕೊಳ್ಳುವಾಗ, ಕೊಂಡಿಯ ಕೊನೆಯ ಚುಕ್ಕೆಯ ನಂತರದ ಭಾಗವನ್ನೇ ಎಕ್ಸ್‌ಟೆನ್ಷನ್ (ಫೈಲಿನ ಬಗೆ ಹೇಳುವ, ಹೆಸರಿನ ಕೊನೆಯ ತುಣುಕು) ಆಗಿ ಬಳಸಿದರೆ ಕೆಲವು ಫೈಲ್‌ಗಳು ತೆರೆಯುತ್ತಿಲ್ಲ, ಸರಿಯಾದ ಕ್ರಮ ಯಾವುದು ಎಂದು ಕೇಳಿದ್ದೀರಿ. ಈ ವಿಷಯದಲ್ಲಿ ಕೊಂಡಿಯನ್ನು ನಂಬಲೇಬೇಡಿ. ಇಳಿದು ಬಂದ ಬೈಟ್‌ಗಳನ್ನು ನೋಡಿಯೇ ಎಕ್ಸ್‌ಟೆನ್ಷನ್ ನಿರ್ಧರಿಸಿ.

ನಾನಿದನ್ನು ಕಲಿತದ್ದು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಜಾಲತಾಣ ಕಟ್ಟುವಾಗ. ಸಗಟು ವ್ಯಾಪಾರಿಯೊಬ್ಬರ ಒಪ್ಪಿಗೆ ಪಡೆದು ಅವರ ತಾಣದಿಂದ ಚಿತ್ರಗಳನ್ನು ಇಳಿಸಿ, ಕೊಂಡಿಯಲ್ಲಿದ್ದಂತೆಯೇ .ಜೆಪಿಜಿ ಎಂದು ಉಳಿಸಿದ್ದೆ. ಬ್ರೌಸರ್ ಫೈಲಿನ ಹೆಸರಿಗಿಂತ ಒಳಗಿನ ಬೈಟ್‌ಗಳಿಗೇ ಬೆಲೆ ಕೊಡುವುದರಿಂದ ತಾಣದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. ದಸರಾ ಕ್ಯಾಟಲಾಗ್ ಅಚ್ಚು ಹಾಕಿಸಲು ಅವೇ ಫೈಲ್‌ಗಳನ್ನು ಪ್ರೆಸ್ಸಿಗೆ ಕಳುಹಿಸಿದಾಗ, ಒಂದೂ ತೆರೆಯುತ್ತಿಲ್ಲವೆಂದು ಅಲ್ಲಿಂದ ಫೋನ್ ಬಂತು. ಒಂದನ್ನು ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿದರೆ, ಮೊದಲ ನಾಲ್ಕು ಬೈಟ್‌ಗಳಲ್ಲಿ ಆರ್‌ಐಎಫ್‌ಎಫ್, ಮುಂದಿನ ನಾಲ್ಕರಲ್ಲಿ ಗಾತ್ರ, ಒಂಬತ್ತನೆಯದರಿಂದ ಡಬ್ಲ್ಯುಇಬಿಪಿ ಎಂದಿತ್ತು. ಹೆಸರಿಗೆ ಜೆಪಿಜಿ, ಒಳಗೆ ವೆಬ್‌ಪಿ ಎಂಬ ಬೇರೆಯೇ ಚಿತ್ರ ಮಾದರಿ! ನನ್ನ ಸ್ಕ್ರಿಪ್ಟ್ ಕ್ರೋಮ್‌ನ ಆಕ್ಸೆಪ್ಟ್ ಹೆಡರನ್ನು (ಯಾವ ಮಾದರಿಯ ಫೈಲ್‌ಗಳು ತನಗೆ ಆಗುತ್ತವೆ ಎಂದು ಬ್ರೌಸರ್ ಸರ್ವರ್‌ಗೆ ಹೇಳುವ ಸಾಲು) ಹಾಗೆಯೇ ನಕಲು ಮಾಡಿ ಕಳುಹಿಸುತ್ತಿದ್ದುದರಿಂದ, ಈತನಿಗೆ ವೆಬ್‌ಪಿ ಅರ್ಥವಾಗುತ್ತದೆ ಎಂದು ತಿಳಿದ ಆ ಕಡೆಯ ಸಿಡಿಎನ್ (ತಾಣದ ಪರವಾಗಿ ಫೈಲ್‌ಗಳನ್ನು ಹಂಚುವ ಸರ್ವರ್‌ಗಳ ಜಾಲ), ಕೊಂಡಿಯನ್ನು ಬದಲಿಸದೆಯೇ ಚಿಕ್ಕ ಫೈಲನ್ನು ಕೊಟ್ಟಿತ್ತು. ತಪ್ಪು ಅದರದ್ದಲ್ಲ.

ಫೈಲ್ ಇಳಿಸುವ ಸಾಧನವಾದ ಕರ್ಲ್‌ನಿಂದ ಇಳಿಸುವುದಾದರೆ ಮೊದಲು ಸ್ಟೇಟಸ್ 200 (ಸರಿಯಾಗಿ ಸಿಕ್ಕಿತು) ಇದೆಯೇ ನೋಡಿ, ಏಕೆಂದರೆ 404 (ಸಿಗಲಿಲ್ಲ) ಬಂದಾಗಲೂ ಅದು ಜೊತೆಗಿರುವ ಎಚ್‌ಟಿಎಂಎಲ್ ಪುಟವನ್ನು ಚಿತ್ರವೆಂಬಂತೆಯೇ ನಿಮ್ಮ ಕೈಗಿಡುತ್ತದೆ. ಆಮೇಲೆ ಬಂದ ದತ್ತಾಂಶವನ್ನು ಬೈಟ್‌ಗಳನ್ನು ನೋಡಿ ಫೈಲಿನ ಬಗೆ ಗುರುತಿಸುವ ಪಿಎಚ್‌ಪಿಯ ಫೈಲ್‌ಇನ್ಫೋಗೆ ಕೊಟ್ಟು, ಅದು ಹೇಳುವ ಮೈಮ್ ಟೈಪನ್ನು (ಫೈಲಿನ ಬಗೆಯ ಹೆಸರು) ನೀವೇ ಬರೆದಿಟ್ಟ ಸಣ್ಣ ಪಟ್ಟಿಯೊಂದಿಗೆ ಹೋಲಿಸಿ: ಜೆಪಿಜಿ, ಪಿಎನ್‌ಜಿ, ಜಿಐಎಫ್, ವೆಬ್‌ಪಿ ಇದ್ದರೆ ಸಾಕು. ಪಟ್ಟಿಯಲ್ಲಿ ಇಲ್ಲದ್ದನ್ನು ಉಳಿಸಲೇಬೇಡಿ. ಫೈಲಿನ ಬಗೆ ಇದೆಂದು ಸರ್ವರ್ ಕಳುಹಿಸುವ ಕಂಟೆಂಟ್ ಟೈಪ್ ಹೆಡರ್ ಸಾಮಾನ್ಯವಾಗಿ ಸರಿಯಿರುತ್ತದೆಯಾದರೂ, ಎಲ್ಲದಕ್ಕೂ ಆಕ್ಟೆಟ್ ಸ್ಟ್ರೀಮ್ (ಬಗೆ ತಿಳಿಸದ ಬರಿಯ ಬೈಟ್‌ಗಳು) ಎಂದೇ ಹೇಳುವ ಸರ್ವರ್‌ಗಳೂ ಇರುವುದರಿಂದ ನಾನು ಅದನ್ನು ಲಾಗ್‌ನಲ್ಲಿ ಬರೆದಿಡುವುದಕ್ಕಷ್ಟೇ ಬಳಸುತ್ತೇನೆ. ಎಸ್‌ವಿಜಿ ಎಂಬ ಚಿತ್ರ ಮಾದರಿಯೊಳಗೆ ಜಾವಾಸ್ಕ್ರಿಪ್ಟ್ ಕೋಡ್ ಅಡಗಿರಬಹುದಾದ್ದರಿಂದ ಅದನ್ನು ಪಟ್ಟಿಗೆ ಸೇರಿಸಿಲ್ಲ. ಕೊಂಡಿಯನ್ನು ಬಳಕೆದಾರರೇ ಕೊಡುವಂತಿದ್ದರೆ ಈ ಎಚ್ಚರ ಇನ್ನೂ ಮುಖ್ಯ. ಕೊಂಡಿಯ ಎಕ್ಸ್‌ಟೆನ್ಷನ್ನನ್ನೇ ಉಳಿಸಿದರೆ ಯಾರಾದರೂ ಸರ್ವರ್‌ನಲ್ಲಿ ಓಡಬಲ್ಲ .ಪಿಎಚ್‌ಪಿ ಫೈಲನ್ನೇ ನಿಮ್ಮ ಅಪ್‌ಲೋಡ್ ಫೋಲ್ಡರಿಗೆ ಇಳಿಸಿಬಿಡಬಹುದು.

ಹೆಸರು ಬದಲಿಸಿದ ಮಾತ್ರಕ್ಕೆ ವೆಬ್‌ಪಿ ಜೆಪಿಜಿ ಆಗುವುದಿಲ್ಲ. ಪ್ರೆಸ್ಸಿಗಾಗಿ ನಾನು ಆಕ್ಸೆಪ್ಟ್ ಹೆಡರ್ ತಿದ್ದಿ ಎಲ್ಲವನ್ನೂ ಮತ್ತೆ ಇಳಿಸಿದೆ. ತಾಣದಲ್ಲಿದ್ದ ವೆಬ್‌ಪಿಗಳಿಗೆ ಸರಿಯಾದ ಹೆಸರಷ್ಟೇ ಸಾಕಿತ್ತು. ನೀವೂ ಹಾಗೆ ಮಾಡುವುದಾದರೆ ಡೇಟಾಬೇಸಿನಲ್ಲಿರುವ ಹೆಸರನ್ನೂ ಅದೇ ಹೊತ್ತಿಗೆ ಬದಲಿಸಿ. ನಾನು ಅದನ್ನು ಬೆಳಗ್ಗೆ ಮಾಡಿದರಾಯಿತೆಂದು ಬಿಟ್ಟಿದ್ದರಿಂದ ರಾತ್ರಿಯಿಡೀ ಅಂಗಡಿಯ ಮುಖಪುಟದಲ್ಲಿ ಒಂದು ಸೀರೆಯೂ ಕಾಣಲಿಲ್ಲ.